ಮೊಲಕ್ಕೆ ಇಂಜೆಕ್ಷನ್ ಹಾಕ್ಸಿದ್ರಾ?

ನಮ್ಮ ಮನೆಗೆ ಮೊಲ ಬಂದಿವೆ ಅಂತ ಗೊತ್ತಾದಾಗಿನಿಂದ ಸಿಕ್ಕವರೆಲ್ಲ ಕೇಳುವ ಮೊದಲ ಪ್ರಶ್ನೆ ಇದೇ. ನಾಯಿ ಸಾಕಿದವರು ಕೇಳುತ್ತಾರೆ. ಬೆಕ್ಕು ಸಾಕಿದವರು ಕೇಳುತ್ತಾರೆ. ಏನೂ ಸಾಕದವರು ಇನ್ನೂ ಜೋರಾಗಿ ಕೇಳುತ್ತಾರೆ. ಇಲ್ಲ ಅಂದರೆ ಮಗುವಿಗೆ ಪೋಲಿಯೋ ಹನಿ ಹಾಕಿಸದ ಅಪ್ಪನನ್ನು ನೋಡಿದ ಹಾಗೆ ನೋಡುತ್ತಾರೆ. ಒಬ್ಬೊಬ್ಬರಿಗೂ ನಿಂತು ಹೇಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ವಾಸಿ ಅನ್ನಿಸಿತು.

ನನ್ನದು ದಾವಣಗೆರೆ. ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ತೂಕ, ತೇವ, ಹಮಾಲಿ, ಕಮಿಷನ್, ಇಷ್ಟರಲ್ಲೇ ದಿನ ಮುಗಿಯುತ್ತದೆ. ಮೊಲ ಬೇಕು ಅಂದವಳು ಮಗಳು. ಹೆಸರಿಟ್ಟಿದ್ದೂ ಅವಳೇ. ಬಿಳಿಯದು ಬೆಣ್ಣೆ, ಬೂದು ಬಣ್ಣದ್ದು ಮಿರ್ಚಿ. ದಾವಣಗೆರೆ ಹುಡುಗಿ, ಇನ್ನೇನು ಇಟ್ಟಾಳು?

ಮರಿಗಳನ್ನು ಮಾರಿದ ಅಂಗಡಿಯವನು ಜೊತೆಗೆ ಒಂದು ಕಾರ್ಡನ್ನೂ ಕೊಟ್ಟಿದ್ದ. "ವ್ಯಾಕ್ಸಿನ್ ಎಲ್ಲಾ ಆಗೇತಿ ಸರ್. ಇನ್ನೊಂದು ವರ್ಷ ಆಸ್ಪತ್ರೆ ಕಡೆ ತಲಿ ಹಾಕೋದು ಬ್ಯಾಡ." ಕಾರ್ಡಿಗೆ ಬೇರೆ ದುಡ್ಡು. ಆದರೂ ಹೊಸ ಜೀವ, ಒಂದು ಸಲ ತೋರಿಸಿಬಿಡೋಣ ಅಂತ ಎರಡನ್ನೂ ರಟ್ಟಿನ ಡಬ್ಬಿಯಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಮೊದಲು ಕಾರ್ಡ್ ಬಿಡಿಸಿದರು. ಮೇಲೆ ನಾಯಿಮರಿ ಚಿತ್ರ. ಒಳಗೆ ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್ ಅಂತ ಸಾಲಾಗಿ ಇತ್ತು, ಎಲ್ಲದಕ್ಕೂ ನೀಲಿ ಪೆನ್ನಿನ ಟಿಕ್.

"ಇದು ನಾಯಿ ಕಾರ್ಡು ಕಣ್ರೀ," ಅಂದರು. "ನಾಯಿ ಡಿಸ್ಟೆಂಪರಿಗೂ ಮೊಲಕ್ಕೂ ಏನು ಸಂಬಂಧ? ಚುಚ್ಚಿರಲಿಕ್ಕಿಲ್ಲ, ಸುಮ್ನೆ ಟಿಕ್ ಹಾಕಿರ್ತಾನೆ. ಹಾಗಿದ್ರೆ ಒಳ್ಳೇದೇ ಆಯ್ತು ಬಿಡಿ."

"ಹಾಗಾದ್ರೆ ಮೊಲದ್ದೇ ಕೊಟ್ಟುಬಿಡಿ ಸರ್."

"ಮೊಲದ್ದು ನಮ್ಮ ಕಡೆ ಸಿಗಲ್ಲ."

ಹೀಗೆ ಸಿಗದ ಲಸಿಕೆ ಯಾವುದು ಅಂತ ಆವತ್ತು ರಾತ್ರಿ ಕೂತು ಓದಿದೆ. ಮುಖ್ಯವಾಗಿ ಎರಡು ಕಾಯಿಲೆಗೆ ಲಸಿಕೆ ಇದೆ. ಒಂದು ಮಿಕ್ಸೊಮಟೋಸಿಸ್. 1896ರಲ್ಲಿ ಉರುಗ್ವೆಯಲ್ಲಿ ಮೊದಲು ಗುರುತಿಸಿದ್ದು. ಸೊಳ್ಳೆ, ಚಿಗಟ ಕಚ್ಚಿ ಹರಡುತ್ತದೆ. ಕಣ್ಣು, ಮುಖ ಎಲ್ಲ ಊದಿಕೊಂಡು ಮೊಲ ನರಳಿ ಸಾಯುತ್ತದೆ. ಆಸ್ಟ್ರೇಲಿಯಾದವರು ಹೊಲ ತಿನ್ನುವ ಮೊಲಗಳ ಕಾಟಕ್ಕೆ 1950ರಲ್ಲಿ ಈ ರೋಗವನ್ನು ಬೇಕಂತಲೇ ಬಿಟ್ಟರು. ಎರಡು ವರ್ಷದ ನಂತರ ಫ್ರಾನ್ಸಿನ ಒಬ್ಬ ವೈದ್ಯ ತನ್ನ ಎಸ್ಟೇಟಿನಲ್ಲಿ ಮೊಲ ಜಾಸ್ತಿಯಾದವು ಅಂತ ಎರಡೇ ಎರಡು ಮೊಲಕ್ಕೆ ಈ ವೈರಸ್ ಚುಚ್ಚಿ ಬಿಟ್ಟ. 1953ಕ್ಕೆ ಅದು ಸಮುದ್ರ ದಾಟಿ ಬ್ರಿಟನ್ ಸೇರಿತ್ತು. ಎರಡು ಮೊಲ, ನೋಡಿ.

ಇನ್ನೊಂದು ರಕ್ತಸ್ರಾವದ ಕಾಯಿಲೆ, ಆರ್‌ಎಚ್‌ಡಿ ಅನ್ನುತ್ತಾರೆ. 1984ರಲ್ಲಿ ಚೀನಾದಲ್ಲಿ, ಜರ್ಮನಿಯಿಂದ ತರಿಸಿದ್ದ ಅಂಗೋರಾ ಮೊಲಗಳಲ್ಲಿ ಕಾಣಿಸಿಕೊಂಡಿತು. 2010ರಲ್ಲಿ ಫ್ರಾನ್ಸಿನಲ್ಲಿ ಇದರ ಎರಡನೇ ಬಗೆ ಬಂತು. ರಾತ್ರಿ ಚೆನ್ನಾಗಿ ತಿಂದ ಮೊಲ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ, ಲಕ್ಷಣ ಕಾಣುವುದಕ್ಕೂ ಪುರಸೊತ್ತಿಲ್ಲ. ವೈರಸ್ಸು ಮೇವು, ಚಪ್ಪಲಿ, ಬಟ್ಟೆ ಯಾವುದಕ್ಕೆ ಅಂಟಿಕೊಂಡಾದರೂ ಬರುತ್ತದೆ. ಬ್ರಿಟನ್ನಿನಲ್ಲಿ ಎರಡೂ ಕಾಯಿಲೆಗೆ ಸೇರಿಸಿ ಒಂದೇ ಇಂಜೆಕ್ಷನ್ ಇದೆ. ಐದು ವಾರದ ಮರಿಯಿಂದ ಶುರು, ಆಮೇಲೆ ವರ್ಷಕ್ಕೊಮ್ಮೆ. ಅಮೆರಿಕದಲ್ಲಿ 2021ರಲ್ಲಿ ಎರಡನೇ ಬಗೆಯ ಆರ್‌ಎಚ್‌ಡಿಗೆ ಅಲ್ಲಿಯದೇ ಲಸಿಕೆಗೆ ತುರ್ತು ಅನುಮತಿ ಸಿಕ್ಕಿತು. ಅಲ್ಲಿರುವ ನೆಂಟರ ಮನೆ ವಿಡಿಯೋ ನೋಡಿ ನಮ್ಮವರು ಕೇಳುವುದು ಇದನ್ನೇ.

ನಮಗೆ ಇಂಜೆಕ್ಷನ್ ಇಲ್ಲ, ಸರಿ. ಆದರೆ ಅದು ತಡೆಯುವ ದಾರಿಗಳಲ್ಲಿ ಒಂದಷ್ಟನ್ನು ನಾವೂ ಮುಚ್ಚಬಹುದಲ್ವಾ? ಭದ್ರಾ ಕಾಲುವೆ ನೀರು, ಸುತ್ತ ಭತ್ತದ ಗದ್ದೆ, ಸೊಳ್ಳೆಗೆ ನಮ್ಮಲ್ಲಿ ಬರ ಇಲ್ಲ. ಮೊಲದ ಗೂಡಿಗೆ ಸೊಳ್ಳೆ ಪರದೆ ಹೊಲಿಸಿದೆ. ಬೇರೆ ಮೊಲ ಮುಟ್ಟಿ ಬಂದವರು ಕೈಕಾಲು ತೊಳೆಯದೆ ಗೂಡಿನ ಹತ್ತಿರ ಬರುವಂತಿಲ್ಲ. ಹೊಸ ಮೊಲ ತಂದರೆ ಎರಡು ವಾರವಾದರೂ ಬೇರೆ ಕೋಣೆಯಲ್ಲೇ ಇರಬೇಕು. ಮಗಳ ಗೆಳತಿ "ನಮ್ಮ ಮೊಲನೂ ಆಟಕ್ಕೆ ತರ್ತೀನಿ ಅಂಕಲ್" ಅಂದಾಗ ಬೇಡ ಪುಟ್ಟಾ ಅನ್ನುವುದು ಕಷ್ಟವಾಯಿತು. ಅಂದೆ.

ನಮ್ಮ ಅತ್ತೆಯವರ ಭಯ ಬೇರೆ. "ಅದು ಕಚ್ಚಿದ್ರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಲ್ವೇನಪ್ಪಾ?" ಆ ಹದಿನಾಲ್ಕರ ಕಾಲ ಯಾವಾಗಲೋ ಹೋಯಿತು. ಮೊಲಕ್ಕೆ ಅಂತಲೇ ಮಾಡಿದ ರೇಬೀಸ್ ಲಸಿಕೆಯೂ ಇಲ್ಲ. ಮನೆಯೊಳಗೇ ಇರುವ, ಬೀದಿನಾಯಿ ಬಾಯಿಗೆ ಸಿಗದ ಮೊಲಕ್ಕೆ ರೇಬೀಸ್ ಬರುವುದು ತೀರಾ ಅಪರೂಪ ಅಂತ ಡಾಕ್ಟರು ಹೇಳಿದರು. ನಾಯಿ ಮೊಲವನ್ನು ಕಚ್ಚಿ, ಆಮೇಲೆ ಆ ಮೊಲ ನಮ್ಮನ್ನು ಕಚ್ಚಿದರೆ ಮಾತ್ರ ಕೂತು ಯೋಚಿಸದೆ ನಮ್ಮ ಆಸ್ಪತ್ರೆಗೇ ಓಡಬೇಕು.

ಅಂತೂ ಆವತ್ತು ಬೆಣ್ಣೆಗೆ ಒಂದು ಇಂಜೆಕ್ಷನ್ ಬಿದ್ದೇ ಬಿತ್ತು. ಕಾರಣ ಬೇರೆ. ಡಾಕ್ಟರು ಕಿವಿ ಮಡಚಿ ಟಾರ್ಚ್ ಬಿಟ್ಟರು. ಒಳಗೆ ಕಂದು ಬಣ್ಣದ ಹಕ್ಕಳೆ ಪದರ ಪದರವಾಗಿ ಕಟ್ಟಿತ್ತು. ಕಿವಿ ಹುಳ, ಅಂದರೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿ. ಮಗಳು ಆ ಹಕ್ಕಳೆ ಕೀಳಲು ಕೈ ಹಾಕಿದಳು, ಡಾಕ್ಟರು ತಡೆದರು. ಕಿತ್ತರೆ ಅಡಿಯ ಚರ್ಮ ಹಸಿಯಾಗಿ ಭಯಂಕರ ನೋವಾಗುತ್ತದೆ. ಔಷಧಿ ಕೆಲಸ ಮಾಡಿದರೆ ಅದೇ ಉದುರುತ್ತದೆ. ತೂಕ ನೋಡಿ ಐವರ್‌ಮೆಕ್ಟಿನ್ ಕೊಟ್ಟರು, ಮತ್ತೆ ಎರಡು ವಾರದ ಹೊತ್ತಿಗೆ ಇನ್ನೊಂದು. ಜೊತೆಯಲ್ಲಿದ್ದ ಮಿರ್ಚಿಗೂ ಕೊಟ್ಟರು, ಗೂಡು ಪೂರ್ತಿ ತೊಳೆಸಿದರು.

ಇಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ನಾಯಿಗೆ ಉಣ್ಣಿ ಬಂದಾಗ ಬೆನ್ನಿಗೆ ಬಿಡುವ ಹನಿ ಔಷಧಿ ಇರುತ್ತದಲ್ಲ, ಫಿಪ್ರೊನಿಲ್ ಇರುವಂಥದ್ದು, ಅದನ್ನು ಮೊಲಕ್ಕೆ ಹಾಕಲೇಬಾರದು. ಫಿಟ್ಸ್ ಬಂದು ಸಾಯಬಹುದು. "ಸಣ್ಣ ಪ್ರಾಣಿ, ಅರ್ಧ ಹನಿ ಸಾಕು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮರಿಗಳ ಇನ್ನೊಂದು ಶತ್ರು ಕಾಕ್ಸಿಡಿಯೋಸಿಸ್, ಕಣ್ಣಿಗೆ ಕಾಣದ ಪರಾವಲಂಬಿ ಜೀವಿಯಿಂದ ಬರುವ ಕಾಯಿಲೆ. ನಮ್ಮ ಮೆಕ್ಕೆಜೋಳ ಒಯ್ಯುವ ಕೋಳಿ ಫಾರಂ ಮಂದಿ ಇದನ್ನು 'ಕಾಕ್ಸಿ' ಅನ್ನುತ್ತಾರೆ, ಆದ್ದರಿಂದ ಹೆಸರು ಹೊಸದಲ್ಲ. ಕೋಳಿಯದು ಮೊಲಕ್ಕೆ ಬರುವುದಿಲ್ಲ, ಮೊಲದ್ದೇ ಬೇರೆ ಜಾತಿ. ಒದ್ದೆ ನೆಲ, ಹಿಕ್ಕೆ ಬೆರೆತ ಮೇವು ಇದ್ದರೆ ಬಂತು ಅಂತಲೇ. ಹೊಟ್ಟೆ ಉಬ್ಬುತ್ತದೆ, ಭೇದಿ, ಮರಿ ಬೆಳೆಯುವುದೇ ಇಲ್ಲ. ಹೊಸ ಮರಿ ತಂದವರು ತಾಜಾ ಹಿಕ್ಕೆ ಒಂದು ಡಬ್ಬಿಯಲ್ಲಿ ಒಯ್ದು ಪರೀಕ್ಷೆ ಮಾಡಿಸಿ. ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಸಿಗದ ಲಸಿಕೆಗೆ ಕೊರಗುವುದಕ್ಕಿಂತ ನಮ್ಮ ಊರಲ್ಲಿ ಇದೇ ಹೆಚ್ಚು ಉಪಯೋಗದ ಕೆಲಸ ಅಂತ ನನ್ನ ಅಭಿಪ್ರಾಯ. ಹಾಗೇ, ಕೋಳಿ ಫೀಡು ಅಗ್ಗ ಅಂತ ಮೊಲಕ್ಕೆ ಹಾಕಬೇಡಿ. ಕೋಳಿಯ ಕಾಕ್ಸಿಗೆ ಅಂತ ಅದರಲ್ಲಿ ಬೆರೆಸುವ ಕೆಲವು ಔಷಧಿಗಳು ಮೊಲಕ್ಕೆ ವಿಷ.

ಈಗ ನನ್ನ ಖಾತೆ ಪುಸ್ತಕದ ವಿಷಯ. ಮನೆಯಲ್ಲಿ ಎಲ್ಲರೂ ನಗುವುದು ಇದಕ್ಕೆ. ಭಾನುವಾರ ಬೆಳಿಗ್ಗೆ ಅಡುಗೆಮನೆಯ ತಕ್ಕಡಿ ಮೇಲೆ ಪ್ಲಾಸ್ಟಿಕ್ ಬುಟ್ಟಿ ಇಟ್ಟು, ಸೊನ್ನೆ ಮಾಡಿ, ಮೊಲ ಕೂರಿಸುತ್ತೇನೆ. ಹೆಸರು, ತಾರೀಖು, ಗ್ರಾಂ. ಮೊಲ ಬೇಟೆಗೆ ಸಿಗುವ ಪ್ರಾಣಿ. ಕಾಯಿಲೆಯಾದರೂ ತೋರಿಸಿಕೊಳ್ಳುವುದಿಲ್ಲ, ತೋರಿಸಿಕೊಂಡರೆ ಮೊದಲು ನರಿಯ ಕಣ್ಣಿಗೆ ಅದೇ ಬೀಳುತ್ತದೆ. ನಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಎರಡು ಕಿಲೋ ಮೊಲ ನೂರು ಗ್ರಾಂ ಇಳಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ. ನೂರು ಕಿಲೋ ಮನುಷ್ಯನಿಗೆ ಅದು ಐದು ಕಿಲೋ.

ತೂಕ ಮುಗಿದ ಮೇಲೆ ತಪಾಸಣೆ. ಮುಂದಿನ ಹಲ್ಲು ಮೇಲಿನದು ಕೆಳಗಿನದು ಸರಿ ಕೂತಿವೆಯಾ? ಮೊಲದ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತವೆ, ವಾರಕ್ಕೆ ಎರಡು ಮೂರು ಮಿಲಿಮೀಟರ್. ಹುಲ್ಲು ಅಗಿದು ಅಗಿದು ಸವೆಯಬೇಕು. ಗದ್ದದ ಕೆಳಗೆ ಒದ್ದೆ ಇದ್ದರೆ ಹಿಂದಿನ ಹಲ್ಲು ಚುಚ್ಚುತ್ತಿದೆ ಅಂತ ಅನುಮಾನ. ಆಮೇಲೆ ಮುಂಗಾಲಿನ ಒಳಬದಿ. ಇದನ್ನು ಡಾಕ್ಟರು ತೋರಿಸಿಕೊಟ್ಟಾಗ ಖುಷಿಯಾಯಿತು. ನೆಗಡಿಯಾದ ಮೊಲ ಮುಂಗಾಲಿನಿಂದಲೇ ಮೂಗು ಒರೆಸಿಕೊಳ್ಳುತ್ತದೆ. ಮೂಗು ನೋಡಿದರೆ ಚೊಕ್ಕಟ, ಕಾಲಿನ ಒಳಗಡೆ ಮಾತ್ರ ಕೂದಲು ಅಂಟಂಟಾಗಿ ಗಂಟು ಕಟ್ಟಿರುತ್ತದೆ. ಹಿಂಗಾಲಿನ ಅಡಿ ಕೂದಲು ಉದುರಿ ಕೆಂಪಾಗಿದ್ದರೆ ಗೂಡಿನ ತಂತಿ ನೆಲ ಕಾರಣ, ಮೇಲೆ ಹಲಗೆ ಹಾಸಬೇಕು. ಕೊನೆಗೆ ಬಾಲದ ಕೆಳಗೆ. ಅಲ್ಲಿ ಗಲೀಜು ಅಂಟಿದ್ದರೆ ಮಳೆಗಾಲದಲ್ಲಿ ನೊಣ ಮೊಟ್ಟೆ ಇಟ್ಟು ಒಂದೇ ದಿನದಲ್ಲಿ ಹುಳ ಬೀಳುತ್ತವೆ. ಎತ್ತುವಾಗ ಕಿವಿ ಹಿಡಿದು ಎತ್ತಬೇಡಿ. ಹಿಂಭಾಗಕ್ಕೆ ಕೈ ಕೊಡಿ, ಒದ್ದಾಡಿದರೆ ತನ್ನ ಬೆನ್ನುಮೂಳೆ ತಾನೇ ಮುರಿದುಕೊಳ್ಳುವಷ್ಟು ಅದರ ಕಾಲಿಗೆ ಬಲ.

ಊಟದ ವಿಷಯಕ್ಕೆ ಬಂದರೆ, ಮೊಲ ಅಂದರೆ ಕ್ಯಾರೆಟ್ ಅಂತ ನಮಗೆ ಯಾರು ಹೇಳಿದರೋ. ಕ್ಯಾರೆಟ್ ಅದಕ್ಕೆ ಸಿಹಿತಿಂಡಿ. ಹೊಟ್ಟೆ ತುಂಬಬೇಕಾದ್ದು ಹುಲ್ಲಿನಿಂದ, ಹೆಚ್ಚು ಕಡಿಮೆ ಎಂಟಾಣೆಗೆ ಏಳಾಣೆ. ಪೇಟೆಯಲ್ಲಿ ಹೇಳುವ ಟಿಮೊತಿ ಹುಲ್ಲು ಆನ್‌ಲೈನಿನಲ್ಲಿ ತರಿಸಬೇಕು, ಬೆಲೆ ನೋಡಿದರೆ ನಾನೇ ಹುಲ್ಲು ತಿನ್ನಬೇಕಾಗುತ್ತದೆ. ನಾನು ಗರಿಕೆ ಹಾಕುತ್ತೇನೆ. ಹೂವಿನ ಮಾರ್ಕೆಟಿನಲ್ಲಿ ಗಣಪತಿಗೆ ಅಂತ ಮಾರುವ ಕಟ್ಟಲ್ಲ, ಅದು ಮೊಲಕ್ಕೆ ಎರಡು ತುತ್ತು. ನಮ್ಮ ಒಬ್ಬ ಹಮಾಲಿ ಊರಿಂದ ಚೀಲ ತುಂಬಿಕೊಂಡು ಬರುತ್ತಾನೆ, ಟೆರೇಸಿನ ನೆರಳಲ್ಲಿ ಒಣಗಿಸಿಡುತ್ತೇನೆ. ಔಷಧಿ ಹೊಡೆದ ಬದುವಿನದು ಬೇಡ ಅಂತ ಅವನಿಗೆ ಹೇಳಿದರೆ ಅವನು ನನಗೇ ಪಾಠ ಹೇಳಿದ: "ಎಳೆ ಜೋಳದ ಪೈರು ಮಾತ್ರ ಹಾಕಬ್ಯಾಡ್ರಿ ಅಣ್ಣಾ, ದನಾನೇ ಬಿದ್ದು ಸಾಯ್ತಾವೆ." ನಿಜ. ಬಾಡಿದ ಎಳೆ ಜೋಳದಲ್ಲಿ ಸಯನೈಡ್ ಹುಟ್ಟುತ್ತದೆ. ಕುದುರೆ ಮೆಂತ್ಯ ಬೆಳೆಯುವ ಮರಿಗೆ ಒಳ್ಳೆಯದು, ಆರು ತಿಂಗಳಾದ ಮೇಲೆ ಬಿಡಿಸಬೇಕು. ಸುಣ್ಣದಂಶ ಜಾಸ್ತಿಯಾಗಿ ಮೂತ್ರದಲ್ಲಿ ಬಿಳಿ ಕೆಸರು ಕಟ್ಟುತ್ತದೆ. ಬೂಷ್ಟು ಬಂದ ಮೇವು, ಕಾಳು ಯಾವುದೂ ಬೇಡ. ಮೆಕ್ಕೆಜೋಳದಲ್ಲಿ ಬೂಷ್ಟು ಏನು ಮಾಡುತ್ತದೆ ಅಂತ ದಿನಾ ನೋಡುವವನು ನಾನು.

ಇಷ್ಟೆಲ್ಲ ಕಟ್ಟುನಿಟ್ಟು ಇದ್ದರೂ ದುಗ್ಗಮ್ಮನ ಜಾತ್ರೆ ಬಂತು. ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆಯ ಜಾತ್ರೆ, ಮನೆ ತುಂಬ ನೆಂಟರು, ತಟ್ಟೆ ತುಂಬ ಮಂಡಕ್ಕಿ. ಮಕ್ಕಳು ಗೂಡಿನ ಮುಂದೆ ಕೂತು ಒಂದೊಂದೇ ಮಂಡಕ್ಕಿ ಕೊಟ್ಟಿದ್ದಾರೆ, ಮಿರ್ಚಿ ಬೇಡ ಅನ್ನದೆ ತಿಂದಿದೆ. ಮೇಲೆ ಬಾಳೆಹಣ್ಣು ಬೇರೆ. ಮರುದಿನ ಸಂಜೆ ಹುಲ್ಲು ಇಟ್ಟ ಹಾಗೇ ಇತ್ತು. ತಟ್ಟೆಯಲ್ಲಿ ಹಿಕ್ಕೆ ನಾಲ್ಕೋ ಐದೋ, ಅವೂ ಮೆಣಸಿನಕಾಳಿಗಿಂತ ಚಿಕ್ಕವು. ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿತ್ತು. ಮೊಲ ಜೋರಾಗಿ ಹಲ್ಲು ಕಡಿದರೆ ನೋವು ಅಂತ ಅರ್ಥ.

ನೆಂಟರು ಒಬ್ಬೊಬ್ಬರು ಒಂದೊಂದು ಔಷಧಿ ಹೇಳಿದರು. ಸೋಡಾ ಕುಡಿಸಿ. ಓಮಿನ ನೀರು ಹಾಕಿ. ಒಂದು ದಿನ ಲಂಘನ ಮಾಡಲಿ, ತಾನೇ ಸರಿಹೋಗುತ್ತದೆ. ಲಂಘನ ನಮಗೆ. ಮೊಲದ ಕರುಳು ನಿಂತರೆ ನಿಂತೇಬಿಡುತ್ತದೆ. ಅದಕ್ಕೆ ವಾಂತಿಯೂ ಆಗುವುದಿಲ್ಲ, ಬೇರೆ ದಾರಿ ಇಲ್ಲ. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿ. ಪಕ್ಕದ ಮನೆಯವರು ತಮ್ಮ ಮಗುವಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಸಿರಪ್ ಹಿಡಿದು ಬಂದರು. ಪಾಪ, ಒಳ್ಳೇ ಮನಸ್ಸಿನಿಂದಲೇ. ನಾನು ಬಾಟಲಿ ಇಸಿದುಕೊಂಡು ಕಪಾಟಿನ ಮೇಲಿಟ್ಟೆ. ಪೆನಿಸಿಲಿನ್ ಗುಂಪಿನ ಔಷಧಿ ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಹೆಚ್ಚಿ, ಮೊಲವೇ ಸಾಯುತ್ತದೆ. ಇದನ್ನು ಡಾಕ್ಟರು ಮೊದಲ ದಿನವೇ ನನ್ನ ಖಾತೆ ಪುಸ್ತಕದ ರಟ್ಟಿನ ಮೇಲೆ ತಮ್ಮ ಕೈಯಾರೆ ಬರೆದುಕೊಟ್ಟಿದ್ದರು.

ರಾತ್ರಿಯೇ ಅವರಿಗೆ ಫೋನ್ ಮಾಡಿದೆ. ಬನ್ನಿ ಅಂದರು. ಹೊಟ್ಟೆ ಒತ್ತಿ ನೋಡಿ, ಎಲ್ಲೂ ಕಟ್ಟಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡು, ನೋವಿಗೆ ಒಂದು, ಕರುಳು ಚಲಿಸಲು ಒಂದು ಕೊಟ್ಟರು. ಚರ್ಮದಡಿಗೆ ಗ್ಲೂಕೋಸ್ ಬಾಟಲಿಯಂಥದ್ದೇ ನೀರು ಏರಿಸಿದರು. ಬಟ್ಟೆ ಸುತ್ತಿ ಬೆಚ್ಚಗಿಡಿ, ನೆನೆಸಿದ ಪೆಲೆಟ್ಟನ್ನು, ಅಂದರೆ ಮೊಲದ ಗುಳಿಗೆ ಮೇವನ್ನು, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಕೊಡಿ ಅಂದರು. ಕಟ್ಟಿಕೊಂಡಿದ್ದರೆ ಹೀಗೆ ತಿನ್ನಿಸಬಾರದಂತೆ, ಅದಕ್ಕೇ ಮೊದಲು ತೋರಿಸಬೇಕು. ಮಂಡಕ್ಕಿಯಿಂದಲೇ ಆಯಿತು ಅಂತ ಅವರು ಹೇಳಲಿಲ್ಲ, ಗಲಾಟೆಗೆ ಹೆದರಿದರೂ ಆಗಬಹುದು ಅಂದರು. ಬೆಳಗಿನ ಜಾವ ಮಿರ್ಚಿ ಹಿಕ್ಕೆ ಹಾಕಿತು. ಹೆಂಡತಿ ನೆಂಟರನ್ನೆಲ್ಲ ಎಬ್ಬಿಸಿ ತೋರಿಸಿದಳು.

ಬೇಸಿಗೆ ನಮ್ಮಲ್ಲಿ ಇನ್ನೊಂದು ಪರೀಕ್ಷೆ. ಏಪ್ರಿಲಿನಲ್ಲಿ 38, 39 ಡಿಗ್ರಿ ಮಾಮೂಲು, ಮೊಲಕ್ಕೆ 30 ದಾಟಿದರೇ ಅಪಾಯ. ಅದು ಬೆವರುವುದಿಲ್ಲ, ಕಿವಿಯಿಂದ ಮೈ ತಂಪು ಮಾಡಿಕೊಳ್ಳಬೇಕು. ಶೀಟಿನ ಮನೆ, ಟೆರೇಸು ಬೇಡವೇ ಬೇಡ. ಹಾಲಿನ ಮೂಲೆಯಲ್ಲಿ ಒಂದು ಕಡಪಾ ಕಲ್ಲಿನ ತುಂಡು ಹಾಕಿದ್ದೇನೆ, ಮಧ್ಯಾಹ್ನ ಎರಡೂ ಅದರ ಮೇಲೆ ಚಾಪೆಯಾಗುತ್ತವೆ. ಕಿಟಕಿಗೆ ಒದ್ದೆ ಗೋಣಿಚೀಲ. ಮಂಡಿಯ ಹಳೇ ಚೀಲ ತರುವುದಿಲ್ಲ, ಕಾಳಿಗೆ ಹುಳ ಬೀಳದಿರಲಿ ಅಂತ ಏನೇನು ಹಾಕಿರುತ್ತಾರೆ ಅಂತ ಗೊತ್ತಿದ್ದವನಿಗೆ ಧೈರ್ಯ ಬರುವುದಿಲ್ಲ. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಏದುಸಿರು ಬಿಡುತ್ತಿದ್ದರೆ ಕಿವಿಗೆ ತಂಪು ನೀರು ಸವರಿ ಡಾಕ್ಟರ ಹತ್ತಿರ ಹೊರಡಿ. ತಣ್ಣೀರಿನಲ್ಲಿ ಮುಳುಗಿಸಬೇಡಿ, ಆ ಆಘಾತಕ್ಕೇ ಹೋಗಬಹುದು.

ಹೊಲದಲ್ಲಿ ಸಿಕ್ಕ ಮೊಲ ತಂದುಕೊಡಲಾ ಅಂತ ಕೇಳುವವರೂ ಇದ್ದಾರೆ. ಅದು ಕಾಡುಮೊಲ, ಜಾತಿಯೇ ಬೇರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯುವುದು, ಸಾಕುವುದು ಅಪರಾಧ.

ಉಳಿದದ್ದು ಆಪರೇಷನ್. "ಎರಡೂ ಗಂಡು ಸರ್" ಅಂತ ಕೊಟ್ಟಿದ್ದನಲ್ಲ ಆ ಕಾರ್ಡಿನ ಪುಣ್ಯಾತ್ಮ, ಅದೂ ಕಾರ್ಡಿನಷ್ಟೇ ನಿಜ. ಮಿರ್ಚಿ ಹೆಣ್ಣು. ಮೊಲಕ್ಕೆ ಬಸಿರು ಒಂದೇ ತಿಂಗಳು, ಹೆತ್ತ ದಿನವೇ ಮತ್ತೆ ಕಟ್ಟುತ್ತದೆ. ಮೂರೂವರೆ ತಿಂಗಳಾಗುವ ಮೊದಲೇ ಬೇರೆ ಬೇರೆ ಗೂಡು ಮಾಡಿದೆವು. ಬೆಣ್ಣೆಯ ಬೀಜ ತೆಗೆಸುವುದು ಸುಲಭ. ಅದಾದ ಮೇಲೂ ಕೆಲವು ವಾರ ಹೆಣ್ಣಿನ ಹತ್ತಿರ ಬಿಡಬಾರದು. ಮಿರ್ಚಿಗೆ ಮಾಡಿಸುವುದು ದೊಡ್ಡ ಆಪರೇಷನ್. ಆದರೆ ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ, ಮರಿ ಬೇಡವಾದರೆ ತೆಗೆಸುವುದೇ ಮೇಲು ಅಂದಿದ್ದಾರೆ ಡಾಕ್ಟರು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಅತ್ತೆಯವರಿಗೆ ಇನ್ನೂ ಒಪ್ಪಿಗೆ ಇಲ್ಲ, "ಒಂದು ಸಲನಾದ್ರೂ ಮರಿ ಹಾಕ್ಲಿ" ಅನ್ನುತ್ತಾರೆ. ಮಳೆ ಶುರುವಾಗಿ ಸ್ವಲ್ಪ ತಂಪಾದ ಮೇಲೆ ಹೋಗುವುದು ಅಂತ ಮಾತಾಗಿದೆ. ಆಪರೇಷನ್ ಅಂತ ನಾಯಿ, ಬೆಕ್ಕಿನ ಹಾಗೆ ಉಪವಾಸ ಕೆಡವಿ ಕರೆದುಕೊಂಡು ಹೋಗಬೇಡಿ, ದಾರಿಯಲ್ಲೂ ತಿನ್ನಲಿ, ಎಚ್ಚರವಾದ ಕೂಡಲೇ ತಿನ್ನಲೂ ಬೇಕು, ಗರಿಕೆ ಜೊತೆಗೇ ಇರಲಿ ಅಂತ ಡಾಕ್ಟರು ಹೇಳಿದ್ದಾರೆ. ಹಮಾಲಿಗೆ ಒಂದು ಚೀಲ ಜಾಸ್ತಿ ಹೇಳಿದ್ದೇನೆ.